ಕೆಮಿಕಲ್ ಪೀಲ್: ನಮ್ಮ ಕಂದು ಚರ್ಮಕ್ಕೆ ಯಾವ ಆಮ್ಲ, ಎಷ್ಟು ಹೊತ್ತು, ಎಷ್ಟು ಎಚ್ಚರ

ಬಿಳಿ ಚರ್ಮದಲ್ಲಿ ವಯಸ್ಸು ಮೊದಲು ಸುಕ್ಕಾಗಿ ಕಾಣುತ್ತದೆ, ನಮ್ಮ ಕಂದು ಚರ್ಮದಲ್ಲಿ ಬಣ್ಣವಾಗಿ. ನಲವತ್ತರ ಹತ್ತಿರ ಬಂದ ಮುಖವನ್ನು ಹಗಲು ಬೆಳಕಿನಲ್ಲಿ ನೋಡಿದರೆ ಕೆನ್ನೆಯ ಏರಿನ ಮೇಲೆ ಭಂಗು, ಬಾಯಿಯ ಸುತ್ತ ಕಪ್ಪು ಛಾಯೆ, ಹಣೆಯ ಎರಡು ಬದಿಗೆ ಮಸುಕು ಕಾಣುತ್ತದೆ, ಕೈಯಾಡಿಸಿದರೆ ಒರಟು ಸಿಗುತ್ತದೆ. ಗೆರೆಗಳು ಬರುವುದು ಇವೆಲ್ಲದರ ನಂತರ. ಹಾಗಾಗಿ ಪೀಲ್ (ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಕಳಚುವ ಚಿಕಿತ್ಸೆ) ಮಾಡಿಸಿಕೊಂಡು ಹತ್ತು ವರ್ಷ ಚಿಕ್ಕವರಾಗಿ ಕಾಣಬೇಕು ಎಂದು ಬರುವ ಹೆಚ್ಚಿನವರಿಗೆ ನಿಜವಾಗಿ ಬೇಕಿರುವುದು ಸಮನಾದ ಬಣ್ಣ ಮತ್ತು ನುಣುಪು.

ತೊಡಕಿರುವುದೂ ಅಲ್ಲಿಯೇ. ಭಂಗು ಮೂಡಿಸುವ ಬಣ್ಣದ ಕೋಶಗಳೇ ಆಮ್ಲದ ಸುಟ್ಟಗಾಯಕ್ಕೂ ಪ್ರತಿಕ್ರಿಯಿಸುತ್ತವೆ. ಆಮ್ಲ ತುಸು ಆಳಕ್ಕಿಳಿದರೆ, ಒಂದೇ ಒಂದು ಮಧ್ಯಾಹ್ನ ಬಿಸಿಲಿಗೆ ಮುಖವೊಡ್ಡಿದರೆ, ಹೋಗಬೇಕಿದ್ದ ಕಪ್ಪು ಇಮ್ಮಡಿಯಾಗಿ ಕೂರುತ್ತದೆ. ಮುಖದ ಮೇಲೆ ಆಮ್ಲ ಇರುವುದು ಮೂರ್ನಾಲ್ಕು ನಿಮಿಷ. ಫಲ ತೀರ್ಮಾನವಾಗುವುದು ಅದರ ಹಿಂದಿನ ನಾಲ್ಕು ವಾರ ಮತ್ತು ಮುಂದಿನ ನಾಲ್ಕು ವಾರಗಳಲ್ಲಿ.

ಆಮ್ಲ ಮಾಡುವ ಕೆಲಸ

ಚರ್ಮದ ಹೊರಪದರದ ಕೋಶಗಳು ತಳದಲ್ಲಿ ಹುಟ್ಟಿ, ಸುಮಾರು ನಾಲ್ಕು ವಾರಗಳಲ್ಲಿ ಮೇಲೇರಿ, ಕಣ್ಣಿಗೆ ಕಾಣದ ಹೊಟ್ಟಾಗಿ ಉದುರುತ್ತವೆ. ವಯಸ್ಸಾದಂತೆ ಈ ಓಟ ನಿಧಾನವಾಗುತ್ತದೆ. ಸತ್ತ ಕೋಶಗಳು ಮೇಲೆಯೇ ಕೂತು ಮುಖ ಮಂಕಾಗುತ್ತದೆ. ಪೀಲ್ ಎಂದರೆ ಅಳತೆಯಿಟ್ಟು ಮಾಡುವ ಗಾಯ. ಮೇಲಿನ ಪದರವನ್ನು ಬೇಕೆಂದೇ ಕೆಡವಿ, ಕೆಳಗಿನಿಂದ ಹೊಸದನ್ನು ಎಬ್ಬಿಸುವುದು ಅದರ ಉದ್ದೇಶ. ಗಾಯ ಒಳಚರ್ಮವನ್ನು ಮುಟ್ಟಿದರೆ ಮಾತ್ರ ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಎಂಬ ಪ್ರೋಟೀನ್ ಹೊಸದಾಗಿ ಚೆನ್ನಾಗಿ ಕಟ್ಟಿಕೊಂಡು ಗೆರೆಗಳು ತುಂಬುತ್ತವೆ. ಅಷ್ಟು ಆಳಕ್ಕೆ ಹೋದಾಗಲೇ ಅಪಾಯವೂ ಏರುತ್ತದೆ.

ಆಳದ ಲೆಕ್ಕದಲ್ಲಿ ಪೀಲ್ ಮೂರು ಬಗೆ. ಮೇಲ್ಪದರದ ಪೀಲ್ ಹೊರಚರ್ಮದಲ್ಲೇ ನಿಲ್ಲುತ್ತದೆ. ಮಧ್ಯಮದ್ದು ಒಳಚರ್ಮದ ಮೇಲ್ಭಾಗ ಮುಟ್ಟುತ್ತದೆ. ಆಳದ ಪೀಲ್ ಇನ್ನೂ ಕೆಳಗಿಳಿಯುತ್ತದೆ. 1882ರಲ್ಲಿ ಜರ್ಮನಿಯ ಚರ್ಮವೈದ್ಯ ಪೌಲ್ ಗೆರ್ಸನ್ ಉನ್ನಾ ವಿವರಿಸಿದ ಸ್ಯಾಲಿಸಿಲಿಕ್ ಆಮ್ಲ, ರೆಸಾರ್ಸಿನಾಲ್, ಫೀನಾಲ್, ಟ್ರೈಕ್ಲೋರೋ ಅಸಿಟಿಕ್ ಆಮ್ಲ (ಎಲ್ಲರೂ ಟಿಸಿಎ ಎನ್ನುವುದು ಇದನ್ನೇ) ಇಂದಿಗೂ ಬಳಕೆಯಲ್ಲಿವೆ. ಗ್ಲೈಕೋಲಿಕ್, ಲ್ಯಾಕ್ಟಿಕ್, ಮ್ಯಾಂಡೆಲಿಕ್ ಆಮ್ಲಗಳು ಆಮೇಲೆ ಸೇರಿಕೊಂಡವು.

ಚರ್ಮವನ್ನು ಬಣ್ಣ ಮತ್ತು ಬಿಸಿಲಿಗೆ ಸ್ಪಂದಿಸುವ ರೀತಿಯ ಮೇಲೆ ಆರು ಬಗೆಯಾಗಿ ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಅಳತೆಯಲ್ಲಿ ಕರ್ನಾಟಕದ ಹೆಚ್ಚಿನ ಮುಖಗಳು ನಾಲ್ಕು ಅಥವಾ ಐದನೆಯ ಬಗೆಯವು. ಈ ಬಗೆಗೆ ಮೇಲ್ಪದರದ ಪೀಲನ್ನೇ ಹಲವು ಸಲ ಮಾಡುವುದು ಸರಿಯಾದ ದಾರಿ. ಒಂದೇ ಸಲಕ್ಕೆ ಆಳಕ್ಕಿಳಿಸಿ ಮುಗಿಸುತ್ತೇವೆ ಎನ್ನುವವರ ಮಾತು ನಂಬಬೇಡಿ.

ಮೊದಲು ಮುಖದಲ್ಲಿ ಇರುವುದೇನು ಎಂದು ತಿಳಿಯಿರಿ

ಪೀಲ್‌ನಿಂದ ಸರಿಹೋಗುವುದು ಮಂಕು, ಒರಟು, ಮೇಲ್ಪದರದ ಕಲೆ, ಮೊಡವೆ ಬಿಟ್ಟುಹೋದ ಕಪ್ಪು, ಕಣ್ಣಂಚಿನ ತೀರಾ ಸಣ್ಣ ಗೆರೆಗಳು. ಜೋತ ಕೆನ್ನೆ, ಮೂಗಿನಿಂದ ಬಾಯಿಗಿಳಿದ ಆಳವಾದ ಮಡಿಕೆ, ನಕ್ಕಾಗ ಮಾತ್ರ ಮೂಡುವ ಗೆರೆ ಇದರಿಂದ ಹೋಗುವುದಿಲ್ಲ. ಭಂಗು ಒಳಚರ್ಮದಲ್ಲಿ ಕೂತಿದ್ದರೆ ಆಮ್ಲ ಅಲ್ಲಿಗೆ ತಲುಪುವುದೇ ಇಲ್ಲ. ವೈದ್ಯರು ವುಡ್ಸ್ ಲ್ಯಾಂಪ್ ಎಂಬ ಅತಿನೇರಳೆ ಬೆಳಕಿನ ದೀಪ ಹಿಡಿದು ನೋಡಿದಾಗ ಮೇಲ್ಪದರದ ಕಲೆ ಎದ್ದು ಕಾಣುತ್ತದೆ, ಒಳಗಿನದು ಹಾಗೆ ಎದ್ದು ಕಾಣುವುದಿಲ್ಲ. ತೀರಾ ಕಪ್ಪು ಚರ್ಮದಲ್ಲಿ ಈ ದೀಪವೂ ಅಷ್ಟು ಸ್ಪಷ್ಟವಾಗಿ ಹೇಳಲಾರದು. ಕೆನ್ನೆಯ ಮೇಲಿನ ಸಣ್ಣ ಕಪ್ಪು ನರುಲಿಗಳನ್ನು ಕಾಟರಿಯಿಂದ (ಬಿಸಿ ತುದಿಯಿಂದ ಸುಟ್ಟು) ತೆಗೆಯಬೇಕೇ ಹೊರತು ಆಮ್ಲದಿಂದಲ್ಲ.

ಎರಡು ಸಂಗತಿಗಳನ್ನು ಒತ್ತಿ ಹೇಳಬೇಕು. ಕತ್ತಿನ ಹಿಂಭಾಗ, ಕಂಕುಳು ದಪ್ಪಗಾಗಿ ವೆಲ್ವೆಟ್ ಬಟ್ಟೆಯಂತೆ ಕಪ್ಪಾಗಿದ್ದರೆ ಅದು ಕೊಳೆಯೂ ಅಲ್ಲ, ವಯಸ್ಸೂ ಅಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು ಅದಾಗಿರಬಹುದು. ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ, ಪೀಲ್ ಆಮೇಲಿನ ಮಾತು. ಎರಡನೆಯದು ಬೆಳ್ಳಗಾಗಲೆಂದು ಮೆಡಿಕಲ್ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಚ್ಚಿದ ಕ್ರೀಮ್. ಇಂಥ ಹಲವು ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದರೂ ಬಳಕೆ ನಿಂತಿಲ್ಲ. ಅದನ್ನು ಹಚ್ಚಿ ತೆಳುವಾದ, ಬಿಸಿಲಿಗೆ ಹೋದರೆ ಉರಿಯುವ, ಸಣ್ಣ ರಕ್ತನಾಳಗಳು ಕಾಣುವ ಮುಖಕ್ಕೆ ಆಮ್ಲ ಹಾಕಿದರೆ ಅದು ಅಂದಾಜಿಗಿಂತ ಎಷ್ಟೋ ಆಳಕ್ಕೆ ಇಳಿಯುತ್ತದೆ. ಹಚ್ಚಿದ್ದ ಟ್ಯೂಬನ್ನು ಕೈಯಲ್ಲೇ ಹಿಡಿದು ಹೋಗಿ ವೈದ್ಯರಿಗೆ ತೋರಿಸಿ, ನಾಚಿಕೆ ಬೇಡ. ಅವರು ಮೊದಲು ಆ ಕ್ರೀಮ್ ಬಿಡಿಸುತ್ತಾರೆ. ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಗರ್ಭಿಣಿಯರು ಪೀಲನ್ನು ಮುಂದೂಡುವುದು ಒಳ್ಳೆಯದು. ಆಸ್ಪಿರಿನ್ ಅಲರ್ಜಿ ಇರುವವರಿಗೆ ಸ್ಯಾಲಿಸಿಲಿಕ್ ಆಮ್ಲ ಕೂಡದು. ತುಟಿಯಂಚಿನಲ್ಲಿ ಆಗಾಗ ನೀರುಗುಳ್ಳೆ ಏಳುವವರು, ಗಾಯ ಮಾಗಿದ ಮೇಲೆ ಗಡ್ಡೆಯಂತೆ ಉಬ್ಬುವ ಮೈಯವರು ಮೊದಲೇ ಹೇಳಿಬಿಡಬೇಕು. ಮೊಡವೆಗೆ ಐಸೊಟ್ರೆಟಿನಾಯ್ನ್ ಮಾತ್ರೆ ನುಂಗುತ್ತಿರುವವರಿಗೆ ಆರು ತಿಂಗಳ ಅಂತರ ಕೊಡುವುದು ಹಳೆಯ ರೂಢಿ. ಮೇಲ್ಪದರದ ಪೀಲ್‌ಗೆ ಅಷ್ಟು ಕಾಯಬೇಕಿಲ್ಲ ಎಂಬ ಅಭಿಪ್ರಾಯ ಈಗ ಬಲವಾಗಿದೆ, ಮಧ್ಯಮ ಮತ್ತು ಆಳದವಕ್ಕೆ ಅಂತರ ಬೇಕೇ ಬೇಕು.

ಹಿಂದಿನ ನಾಲ್ಕು ವಾರ

ಈ ತಯಾರಿಗೆ ವೈದ್ಯರು ಪ್ರೈಮಿಂಗ್ ಎನ್ನುತ್ತಾರೆ. ಎರಡರಿಂದ ನಾಲ್ಕು ವಾರ ರಾತ್ರಿ ಟ್ರೆಟಿನಾಯ್ನ್ ಶೇ 0.025 ಅಥವಾ ಗ್ಲೈಕೋಲಿಕ್ ಆಮ್ಲ ಶೇ 6ರಿಂದ 12ರ ಕ್ರೀಮ್, ಕಲೆ ಹೆಚ್ಚಿದ್ದರೆ ಶೇ 2ರಿಂದ 4ರ ಹೈಡ್ರೋಕ್ವಿನೋನ್. ಎಲ್ಲವೂ ವೈದ್ಯರ ಚೀಟಿಯ ಮೇಲೆಯೇ. ಟ್ರೆಟಿನಾಯ್ನ್ ಸತ್ತ ಪದರವನ್ನು ತೆಳುವಾಗಿ, ಸಮವಾಗಿ ಮಾಡುತ್ತದೆ, ಅದರಿಂದ ಆಮ್ಲ ಎಲ್ಲ ಕಡೆ ಒಂದೇ ಆಳಕ್ಕೆ ಇಳಿಯುತ್ತದೆ. ಹೈಡ್ರೋಕ್ವಿನೋನ್ ಬಣ್ಣದ ಕೋಶಗಳನ್ನು ಮೊದಲೇ ತಣ್ಣಗಿಡುತ್ತದೆ. ಆದರೆ ಅದನ್ನು ವರ್ಷಗಟ್ಟಲೆ ಹಚ್ಚುವಂತಿಲ್ಲ. ಹಾಗೆ ಹಚ್ಚಿದರೆ ಚರ್ಮದೊಳಗೆ ಬೂದುನೀಲಿ ಕಪ್ಪು ಶಾಶ್ವತವಾಗಿ ನಿಲ್ಲಬಹುದು. ಮೂರ್ನಾಲ್ಕು ತಿಂಗಳಾದ ಮೇಲೆ ವಿರಾಮ ಕೊಡುವುದು ವಾಡಿಕೆ.

ಪ್ರೈಮಿಂಗ್‌ನ ಇನ್ನೊಂದು ಲಾಭ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ದಿನಾ ಬೆಳಿಗ್ಗೆ ಮತ್ತೆ ಮಧ್ಯಾಹ್ನ ತಪ್ಪದೆ ಸನ್‌ಸ್ಕ್ರೀನ್ ಹಚ್ಚುವ ಅಭ್ಯಾಸ ನಿಮಗಿದೆಯೋ ಇಲ್ಲವೋ ಎಂಬುದು ಈ ನಾಲ್ಕು ವಾರಗಳಲ್ಲೇ ತಿಳಿದುಬಿಡುತ್ತದೆ. ಅಭ್ಯಾಸ ಕೂರದಿದ್ದರೆ ಪೀಲ್ ಮುಂದೂಡಿ.

ದಿನ ಗೊತ್ತು ಮಾಡುವಾಗ ಪಂಚಾಂಗವನ್ನೂ ನೋಡಬೇಕು. ಮಾರ್ಚ್‌ನಿಂದ ಮೇ ತನಕ ನಮ್ಮಲ್ಲಿ ಬಿಸಿಲು ತೀರಾ ಕಡು, ಮದುವೆಗಳೂ ಆಗಲೇ ಹೆಚ್ಚು. ಆಷಾಢದಲ್ಲಿ ಮೋಡವೂ ಇರುತ್ತದೆ, ಸಮಾರಂಭಗಳೂ ಇರುವುದಿಲ್ಲ. ಮುಖ ಮುಚ್ಚಿಕೊಂಡು ಮನೆಯಲ್ಲಿರಲು ಅದಕ್ಕಿಂತ ಅನುಕೂಲದ ತಿಂಗಳಿಲ್ಲ. ಮೋಡದ ನಡುವೆಯೂ ಅತಿನೇರಳೆ ಕಿರಣ ಇಳಿಯುತ್ತದೆ, ಸನ್‌ಸ್ಕ್ರೀನ್ ಬಿಡುವಂತಿಲ್ಲ. ಮನೆಯಲ್ಲಿ ಮದುವೆಯಿದ್ದರೆ ಕೊನೆಯ ಪೀಲ್‌ಗೂ ಮುಹೂರ್ತಕ್ಕೂ ಕನಿಷ್ಠ ಒಂದು ತಿಂಗಳು ಬಿಡಿ.

ಪೀಲ್‌ಗೆ ಒಂದು ವಾರ ಇರುವಾಗ ಟ್ರೆಟಿನಾಯ್ನ್ ನಿಲ್ಲಿಸಿ. ಅದೇ ವಾರ ಥ್ರೆಡಿಂಗ್, ವ್ಯಾಕ್ಸಿಂಗ್, ಬ್ಲೀಚ್, ಸ್ಕ್ರಬ್ ಯಾವುದೂ ಬೇಡ. ಮೇಲ್ತುಟಿಗೆ ಥ್ರೆಡಿಂಗ್ ಮಾಡಿಸಿದ ಮರುದಿನ ಪೀಲ್‌ಗೆ ಕೂತವರ ತುಟಿಯ ಮೇಲೆ ಮೀಸೆಯ ಆಕಾರದಲ್ಲೇ ಕಪ್ಪು ಮೂಡುತ್ತದೆ. ದಾರ ಎಳೆದಲ್ಲೆಲ್ಲ ಮೇಲ್ಪದರ ಆಗಲೇ ಹರಿದಿರುತ್ತದೆ, ಆಮ್ಲ ಅಲ್ಲಿಂದ ನುಗ್ಗುತ್ತದೆ. ಗಂಡಸರು ಹಿಂದಿನ ದಿನದಿಂದಲೇ ಶೇವಿಂಗ್ ಬಿಡಬೇಕು. ಮೊದಲ ಸಲವಾದರೆ ಕಿವಿಯ ಹಿಂದೆ ಸಣ್ಣ ಜಾಗದಲ್ಲಿ ಹಚ್ಚಿಸಿ, ಎರಡು ವಾರ ಕಾದು ಬಣ್ಣ ನೋಡಿ.

ನಿಮಗೆ ಯಾವ ಆಮ್ಲ

ಸೂಕ್ಷ್ಮ ಚರ್ಮಕ್ಕೂ ಮೊದಲ ಸಲಕ್ಕೂ ಮ್ಯಾಂಡೆಲಿಕ್ ಅಥವಾ ಲ್ಯಾಕ್ಟಿಕ್ ಒಳ್ಳೆಯ ಆರಂಭ. ಮ್ಯಾಂಡೆಲಿಕ್‌ನ ಅಣು ಗ್ಲೈಕೋಲಿಕ್‌ಗಿಂತ ಎರಡರಷ್ಟು ಭಾರ, ಅದಕ್ಕೇ ಮೆಲ್ಲಗೆ ಇಳಿಯುತ್ತದೆ. ಎಣ್ಣೆ ಜಿನುಗುವ, ಮೊಡವೆ ಇರುವ ಮುಖಕ್ಕೆ ಶೇ 20ರಿಂದ 30ರ ಸ್ಯಾಲಿಸಿಲಿಕ್. ಅದು ಎಣ್ಣೆಯಲ್ಲಿ ಕರಗಿ ರಂಧ್ರದೊಳಗೆ ಹೋಗುತ್ತದೆ. ಮಂಕು, ಒರಟು, ಸಣ್ಣ ಗೆರೆಗಳಿಗೆ ಗ್ಲೈಕೋಲಿಕ್, ಶೇ 20ರಿಂದ 70ರವರೆಗೆ. ಜೆಸ್ನರ್ ದ್ರಾವಣದಲ್ಲಿ ರೆಸಾರ್ಸಿನಾಲ್, ಸ್ಯಾಲಿಸಿಲಿಕ್, ಲ್ಯಾಕ್ಟಿಕ್ ತಲಾ ಶೇ 14ರಷ್ಟು ಆಲ್ಕೋಹಾಲ್‌ನಲ್ಲಿ ಇರುತ್ತವೆ. ಪದರದ ಮೇಲೆ ಪದರ ಹಚ್ಚಿದಷ್ಟೂ ಅದು ಆಳಕ್ಕಿಳಿಯುತ್ತದೆ.

ಬಾಟಲಿಯ ಮೇಲಿನ ಶೇಕಡಾ ಸಂಖ್ಯೆ ಪೂರ್ತಿ ಕಥೆ ಹೇಳುವುದಿಲ್ಲ. ಗ್ಲೈಕೋಲಿಕ್ ಎಷ್ಟು ಕಚ್ಚುತ್ತದೆ ಎಂಬುದು ಪಿಎಚ್ (ಹುಳಿತನದ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) ಮೇಲೆ ನಿಂತಿದೆ. ಪಿಎಚ್ 3.8ರ ಸುಮಾರಿನಲ್ಲಿ ಅರ್ಧದಷ್ಟು ಆಮ್ಲ ಮಾತ್ರ ಮುಕ್ತವಾಗಿರುತ್ತದೆ, ಅದಕ್ಕಿಂತ ಇಳಿದಷ್ಟೂ ಹೆಚ್ಚು ಚುರುಕು. ಪಿಎಚ್ 1ರ ಹತ್ತಿರದ ಶೇ 35 ಪಿಎಚ್ 3.5ರ ಶೇ 50ನ್ನು ಮೀರಿಸಬಹುದು. ಒಂದು ಕಂಪನಿಯದು ಬಿಟ್ಟು ಇನ್ನೊಂದಕ್ಕೆ ಹೋದಾಗ ಅದೇ ಶೇಕಡಾ ಎಂದು ಅದೇ ಸಮಯ ಇಟ್ಟುಬಿಟ್ಟರೆ ಸುಡುವುದು ಇದೇ ಕಾರಣಕ್ಕೆ.

ಪೀಲ್ ದಿನ: ಗ್ಲೈಕೋಲಿಕ್ ಶೇ 35

ಇದನ್ನು ಚರ್ಮರೋಗ ತಜ್ಞರ ಕೈಯಲ್ಲೇ ಮಾಡಿಸಬೇಕು. ಆದರೂ ಪ್ರತಿ ಹಂತ ನಿಮಗೆ ಗೊತ್ತಿದ್ದರೆ ಯಾವುದು ತಪ್ಪಿತು ಎಂಬುದು ನಿಮಗೂ ತಿಳಿಯುತ್ತದೆ.

ಕಾಂಟ್ಯಾಕ್ಟ್ ಲೆನ್ಸ್, ಮೂಗುಬೊಟ್ಟು, ಓಲೆ ತೆಗೆದಿಡಿ. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸಿರಬೇಕು, ಅಂಗಾತ ಮಲಗಿಸಿದರೆ ಹನಿ ಕಣ್ಣಿಗೆ ಹರಿಯುತ್ತದೆ. ಮುಖ ತೊಳೆದ ಮೇಲೆ ಸ್ಪಿರಿಟ್ ಅಥವಾ ಅಸಿಟೋನ್ ಅದ್ದಿದ ಗಾಜ್‌ನಿಂದ (ಗಾಯಕ್ಕೆ ಕಟ್ಟುವ ತೆಳು ಹತ್ತಿಬಟ್ಟೆ) ಎಣ್ಣೆಯಂಶ ಒರೆಸುತ್ತಾರೆ. ಮೂಗಿನ ಪಕ್ಕ, ಹಣೆಯ ಕೂದಲಂಚು ಸರಿಯಾಗಿ ಒರೆಸದಿದ್ದರೆ ಆಮ್ಲ ಅಲ್ಲಿ ಇಳಿಯದೆ ಆಮೇಲೆ ಬಣ್ಣ ತೇಪೆತೇಪೆಯಾಗುತ್ತದೆ. ಕಣ್ಣಿನ ಎರಡೂ ತುದಿ, ಮೂಗಿನ ಹೊಳ್ಳೆಯ ಸಂದು, ಬಾಯಿಯ ಮೂಲೆ, ತುಟಿಗಳಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತಾರೆ. ಆಮ್ಲ ನಿಂತು ಮಡುಗಟ್ಟುವ ಜಾಗಗಳು ಇವೇ. ಕಣ್ಣು ಮುಚ್ಚಿ ಮೇಲೆ ಒದ್ದೆ ಗಾಜ್. ಪಕ್ಕದಲ್ಲಿ ಸಲೈನ್ ತುಂಬಿದ ಸಿರಿಂಜ್, ಆಮ್ಲದ ಕೆಲಸ ನಿಲ್ಲಿಸುವ ನ್ಯೂಟ್ರಲೈಸರ್ ದ್ರಾವಣ, ಫ್ಯಾನ್ ಮೊದಲೇ ಸಿದ್ಧವಿರಬೇಕು. ಬಾಟಲಿ ತೆರೆಯುವ ಮುನ್ನ ಲೇಬಲ್ ಗಟ್ಟಿಯಾಗಿ ಓದುವುದು ಒಳ್ಳೆಯ ಕ್ಲಿನಿಕ್‌ನ ಲಕ್ಷಣ. ತೆರೆದ ಬಾಟಲಿಯನ್ನಾಗಲಿ ಅದ್ದಿದ ಬ್ರಷ್ಷನ್ನಾಗಲಿ ನಿಮ್ಮ ಮುಖದ ಮೇಲಿಂದ ದಾಟಿಸಬಾರದು.

ಒಂದೆರಡು ಮಿ.ಲೀ. ಆಮ್ಲವನ್ನು ಸಣ್ಣ ಬಟ್ಟಲಿಗೆ ಸುರಿದು ಹಣೆ, ಕೆನ್ನೆ, ಗದ್ದ, ಮೂಗು, ಕೊನೆಗೆ ಮೇಲ್ತುಟಿ ಎಂಬ ಕ್ರಮದಲ್ಲಿ ಹಚ್ಚುತ್ತಾರೆ. ಇಡೀ ಮುಖ ಅರ್ಧ ನಿಮಿಷದೊಳಗೆ ಮುಗಿಯಬೇಕು, ಇಲ್ಲದಿದ್ದರೆ ಹಣೆಗೆ ಹೆಚ್ಚು ಸಮಯ, ತುಟಿಗೆ ಕಡಿಮೆ ಸಮಯ ಸಿಕ್ಕುತ್ತದೆ. ಟೈಮರ್ ಆಗಲೇ ಓಡುತ್ತಿರಬೇಕು. ಮೊದಲು ಇರುವೆ ಹರಿದಂತೆ, ಆಮೇಲೆ ಮೆಣಸಿನಕಾಯಿ ಮುಟ್ಟಿದ ಕೈ ಮುಖಕ್ಕೆ ತಾಗಿದಂತೆ ಚುರುಗುಟ್ಟುತ್ತದೆ. ಮೊದಲ ಸಲಕ್ಕೆ ಒಂದರಿಂದ ಎರಡು ನಿಮಿಷ ಸಾಕು.

ನಿಲ್ಲಿಸುವ ಗುರುತು ಎಲ್ಲ ಕಡೆ ಸಮನಾಗಿ ಮೂಡುವ ಕೆಂಪು ಎಂದು ಪಠ್ಯಪುಸ್ತಕ ಹೇಳುತ್ತದೆ. ಕಂದು ಮುಖದಲ್ಲಿ ಕೆಂಪು ತಡವಾಗಿ, ತಾಮ್ರದ ಛಾಯೆಯಾಗಿ ಕಾಣುತ್ತದೆ. ಕಣ್ಣೊಂದನ್ನೇ ನಂಬಿ ಕಾದರೆ ಹೊತ್ತು ಮೀರುತ್ತದೆ. ಹಾಗಾಗಿ ಗಡಿಯಾರ ಮತ್ತು ನಿಮ್ಮ ಬಾಯಿಮಾತು ಎರಡೂ ಬೇಕು. ಹತ್ತಕ್ಕೆ ಎಷ್ಟು ಉರಿ ಎಂದು ನಡುನಡುವೆ ಕೇಳುತ್ತಾರೆ, ಸಹಿಸಿಕೊಂಡು ಕಡಿಮೆ ಹೇಳಬೇಡಿ. ಒಂದೇ ಜಾಗ ಚುಚ್ಚಿದಂತೆ ಉರಿದರೆ ಬೆರಳಿಟ್ಟು ತೋರಿಸಬೇಡಿ, ಬಾಯಲ್ಲಿ ಹೇಳಿ. ಆ ಜಾಗಕ್ಕೆ ಮೊದಲು ನ್ಯೂಟ್ರಲೈಸರ್ ಹಾಕುತ್ತಾರೆ. ಎಲ್ಲಾದರೂ ಬೂದುಬಿಳುಪು ಬಣ್ಣ ಕಂಡರೆ ಹೊರಪದರ ಕಳಚುತ್ತಿದೆ ಎಂದರ್ಥ, ಟೈಮರ್‌ನಲ್ಲಿ ಎಷ್ಟೇ ಉಳಿದಿರಲಿ ಆ ಕ್ಷಣವೇ ನಿಲ್ಲಿಸಬೇಕು.

ಗ್ಲೈಕೋಲಿಕ್ ತಾನಾಗಿ ನಿಲ್ಲುವುದಿಲ್ಲ. 100 ಮಿ.ಲೀ. ನೀರಿಗೆ 8ರಿಂದ 10 ಗ್ರಾಂ ಸೋಡಿಯಂ ಬೈಕಾರ್ಬೊನೇಟ್ ಕರಗಿಸಿದ ದ್ರಾವಣ ಹಾಕಿದಾಗ ಮುಖದ ಮೇಲೆ ಸಣ್ಣಗೆ ನೊರೆ ಏಳುತ್ತದೆ. ನೊರೆ ಬರುತ್ತಿದೆ ಎಂದರೆ ಆಮ್ಲ ಇನ್ನೂ ಉಳಿದಿದೆ. ನೊರೆ ನಿಂತ ಮೇಲೆ ತಣ್ಣೀರಿನಿಂದ ಚೆನ್ನಾಗಿ ತೊಳೆದು, ತಣ್ಣನೆ ಗಾಜ್ ಇಟ್ಟು, ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಹಚ್ಚಿ ಕಳಿಸುತ್ತಾರೆ.

ಮುಂದಿನ ಸಲಕ್ಕೆ ಎರಡರಿಂದ ನಾಲ್ಕು ವಾರ ಅಂತರ. ಸಮಯವನ್ನು ಅರ್ಧ ಅರ್ಧ ನಿಮಿಷ ಏರಿಸಿ, ಅದು ಮೂರರಿಂದ ಐದು ನಿಮಿಷಕ್ಕೆ ಮುಟ್ಟಿದ ಮೇಲೆಯೇ ಪ್ರಮಾಣವನ್ನು ಶೇ 50ಕ್ಕೆ ಒಯ್ಯಬೇಕು. ಎರಡನ್ನೂ ಒಟ್ಟಿಗೆ ಏರಿಸುವುದು ತಪ್ಪು. ಆರು ಸಲದ ಸುತ್ತಿನಲ್ಲಿ ಮೂರನೆಯದಾಗುವವರೆಗೆ ಕನ್ನಡಿಯಲ್ಲಿ ದೊಡ್ಡ ವ್ಯತ್ಯಾಸ ಹುಡುಕಬೇಡಿ. ಅದೇ ಕಿಟಕಿಯ ಬೆಳಕಿನಲ್ಲಿ ಪ್ರತಿ ಸಲ ಫೋಟೊ ತೆಗೆದಿಡಿ.

ಸ್ಯಾಲಿಸಿಲಿಕ್‌ನಲ್ಲಿ ಮೂರ್ನಾಲ್ಕು ನಿಮಿಷಕ್ಕೆ ಬಿಳಿ ಪುಡಿ ಮೂಡುತ್ತದೆ. ಅದು ಆಲ್ಕೋಹಾಲ್ ಆರಿ ಉಳಿದ ಹರಳು, ಒರೆಸಿದರೆ ಹೋಗುತ್ತದೆ, ಹೆದರಬೇಕಿಲ್ಲ. ನ್ಯೂಟ್ರಲೈಸರ್ ಬೇಕಾಗಿಲ್ಲ, ನೀರು ಸಾಕು. ಬೆನ್ನಿಡೀ ಹಚ್ಚಿದಾಗ ಕಿವಿ ಗುಂಯ್ಗುಟ್ಟಿ ತಲೆ ಸುತ್ತಿದರೆ ಔಷಧ ರಕ್ತಕ್ಕೆ ಇಳಿದಿದೆ ಎಂದು ತಿಳಿದು ಕೂಡಲೇ ಹೇಳಿ.

ಟಿಸಿಎ ಮತ್ತು ಫೀನಾಲ್

ಟಿಸಿಎ ಚರ್ಮದ ಪ್ರೋಟೀನನ್ನು ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿಸುತ್ತದೆ. ಆ ಬಿಳುಪಿಗೆ ಫ್ರಾಸ್ಟ್ ಎನ್ನುತ್ತಾರೆ. ಒರೆಸಿದರೆ ಅದು ಹೋಗುವುದಿಲ್ಲ. ಅಲ್ಲಲ್ಲಿ ತೆಳು ಬಿಳುಪು ಮೊದಲ ಹಂತ, ಬಿಳುಪಿನ ಕೆಳಗೆ ಕೆಂಪು ಇಣುಕಿದರೆ ಎರಡನೆಯದು, ಗಟ್ಟಿ ಸುಣ್ಣದ ಬಿಳುಪು ಮೂರನೆಯದು. ಕಂದು ಚರ್ಮದಲ್ಲಿ ಶೇ 10ರಿಂದ 15ರ ಟಿಸಿಎ ಹಚ್ಚಿ ಮೊದಲ ಹಂತದಲ್ಲೇ ನಿಲ್ಲುವುದು ಕ್ಷೇಮ. ನೀರು ಸುರಿದರೆ ಇದರ ಕೆಲಸ ನಿಲ್ಲುವುದಿಲ್ಲ, ಹಚ್ಚಿದ್ದು ಹಚ್ಚಿದಂತೆಯೇ. ಕಣ್ಣೀರು ಕೆನ್ನೆಗಿಳಿದರೆ ಅದರ ಜೊತೆ ಆಮ್ಲ ಕತ್ತಿಗೆ ಗೆರೆಯೆಳೆದಂತೆ ಹರಿಯುತ್ತದೆ. ಅದಕ್ಕೆಂದೇ ಒಬ್ಬರು ಹತ್ತಿ ಹಿಡಿದು ಪಕ್ಕದಲ್ಲಿ ನಿಂತಿರಬೇಕು.

ತಯಾರಿಸುವ ಅಳತೆಯಲ್ಲೂ ಮೋಸವಾಗುತ್ತದೆ. ಶೇ 30 ಎಂದರೆ 30 ಗ್ರಾಂ ಹರಳು ಕರಗಿಸಿ, ಒಟ್ಟು 100 ಮಿ.ಲೀ. ಆಗುವಷ್ಟು ನೀರು ಸೇರಿಸುವುದು. 100 ಮಿ.ಲೀ. ನೀರಿಗೆ 30 ಗ್ರಾಂ ಹಾಕಿದರೆ ದ್ರಾವಣ ದುರ್ಬಲವಾಗುತ್ತದೆ. ಅದಕ್ಕೆ ಒಗ್ಗಿದ ಕೈ ಸರಿಯಾಗಿ ಮಾಡಿದ ದ್ರಾವಣವನ್ನು ಅದೇ ಧೈರ್ಯದಿಂದ ಹಚ್ಚಿದಾಗ ಮುಖ ಸುಡುತ್ತದೆ.

ಫೀನಾಲ್‌ನಿಂದ ಆಳವಾದ ಸುಕ್ಕೂ ಹೋಗುತ್ತದೆ, ನಿಜ. ಆದರೆ ಅದು ರಕ್ತಕ್ಕಿಳಿದು ಹೃದಯದ ಬಡಿತ ತಪ್ಪಿಸಬಲ್ಲದು. ಇಸಿಜಿ ಮಾನಿಟರ್ ಇಟ್ಟು ಆಸ್ಪತ್ರೆಯಲ್ಲಿ ಮಾಡುವಂಥದ್ದು. ಅದು ಹಾದುಹೋದ ಚರ್ಮ ಬಿಳಚಿಕೊಳ್ಳುತ್ತದೆ. ನಮ್ಮ ಬಣ್ಣಕ್ಕೆ ಇಡೀ ಮುಖದ ಫೀನಾಲ್ ಪೀಲ್ ಬೇಡ.

ಮನೆಗೆ ಬಂದ ಮೇಲೆ

ಮೊದಲೆರಡು ದಿನ ಮುಖ ಬಿಗಿಯಾಗಿ, ತುಸು ಕಪ್ಪಾಗಿ ಕಾಣುತ್ತದೆ. ಮೂರನೆಯ ದಿನ ಬಾಯಿಯ ಸುತ್ತ ಹೊಟ್ಟು ಏಳಲು ತೊಡಗಿ, ವಾರದೊಳಗೆ ಕೂದಲಂಚಿನ ತನಕ ಮುಗಿಯುತ್ತದೆ. ಸಿಪ್ಪೆ ಏಳದಿದ್ದರೆ ಪೀಲ್ ಕೆಲಸ ಮಾಡಿಲ್ಲ ಎಂದಲ್ಲ, ಹಗುರ ಪೀಲ್‌ನಲ್ಲಿ ಅದು ಕಾಣದೆಯೂ ಇರಬಹುದು. ಎದ್ದ ಸಿಪ್ಪೆಯ ಅಂಚನ್ನು ಉಗುರಿನಿಂದ ಎಳೆಯುವ ಆಸೆ ತಡೆದುಕೊಳ್ಳಿ. ಇನ್ನೂ ಅಂಟಿರುವ ಭಾಗ ಹರಿದು ಬಂದರೆ ಕೆಳಗೆ ಹಸಿ ಗಾಯ, ತಿಂಗಳ ನಂತರ ಅದೇ ಆಕಾರದ ಕಲೆ. ಉದ್ದ ನೇತಾಡುತ್ತಿದ್ದರೆ ಸಣ್ಣ ಕತ್ತರಿಯಿಂದ ಕತ್ತರಿಸಿ.

ದಿನಕ್ಕೆ ಎರಡು ಸಲ ನೊರೆ ಕಡಿಮೆಯಿರುವ ಸೌಮ್ಯ ಫೇಸ್ ವಾಶ್ ಸಾಕು. ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ. ಪರಿಮಳವಿಲ್ಲದ ಮಾಯಿಶ್ಚರೈಸರ್ ಮೂರ್ನಾಲ್ಕು ಸಲ, ಬಿರುಕು ಬಿಟ್ಟ ಕಡೆ ಪೆಟ್ರೋಲಿಯಂ ಜೆಲ್ಲಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದಷ್ಟು, ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಭಂಗು ಇರುವವರು ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಆರಿಸಿಕೊಳ್ಳಿ, ಕಣ್ಣಿಗೆ ಕಾಣುವ ಬೆಳಕೂ ಭಂಗನ್ನು ಕೆರಳಿಸುತ್ತದೆ. ಜೊತೆಗೆ ಕೊಡೆ ಅಥವಾ ಅಗಲ ಅಂಚಿನ ಟೋಪಿ. ಬೈಕ್ ಓಡಿಸುವವರಿಗೆ ಹೆಲ್ಮೆಟ್ ಇದೆಯಲ್ಲ ಎಂಬ ಭರವಸೆ ಸಾಲದು.

ಈ ವಾರದಲ್ಲಿ ಕಡಲೆಹಿಟ್ಟು, ಅರಿಶಿನ, ನಿಂಬೆರಸ ಯಾವುದನ್ನೂ ಮುಖಕ್ಕೆ ತರಬೇಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಪೀಲ್ ಆಗದ ಚರ್ಮದ ಮೇಲೂ ಕಪ್ಪು ಮಚ್ಚೆ ಏಳಬಹುದು. ಮೂರು ದಿನ ಜಿಮ್, ಸ್ಟೀಮ್, ಈಜು ಬಿಡಿ. ಸಿಪ್ಪೆ ಪೂರ್ತಿ ಮುಗಿದ ಮೇಲೆ ರಾತ್ರಿಯ ಕ್ರೀಮ್ ಮತ್ತೆ ಶುರು ಮಾಡಿ.

ಯಾವಾಗ ಕೂಡಲೇ ಕರೆ ಮಾಡಬೇಕು

ಬೊಬ್ಬೆ ಎದ್ದರೆ, ಕೀವು ಅಥವಾ ಹಳದಿ ಹಕ್ಕಳೆ ಕಂಡರೆ, ಎರಡು ದಿನದ ನಂತರವೂ ನೋವು ಏರುತ್ತಿದ್ದರೆ ಕಾಯಬೇಡಿ. ನೀರುಗುಳ್ಳೆಗಳ ಗೊಂಚಲು ನೋವಿನೊಡನೆ ಬಂದರೆ ಅದು ಹರ್ಪಿಸ್ ಎಂಬ ವೈರಸ್ ಸೋಂಕು ಇರಬಹುದು. ಮೊದಲಿನಿಂದ ಆ ತೊಂದರೆ ಇದ್ದವರಿಗೆ ಮಧ್ಯಮ ಪೀಲ್‌ನ ಮುನ್ನವೇ ಅಸೈಕ್ಲೋವಿರ್ ಅಥವಾ ವಾಲಸೈಕ್ಲೋವಿರ್ ಮಾತ್ರೆ ಶುರು ಮಾಡಿ ಚರ್ಮ ಕೂಡುವ ತನಕ ಕೊಡುತ್ತಾರೆ. ಮೂರು ವಾರ ಕಳೆದರೂ ಒಂದೇ ಜಾಗ ಕೆಂಪಾಗಿ, ತುರಿಸುತ್ತಾ, ಗಟ್ಟಿಯಾಗುತ್ತಿದ್ದರೆ ಅಲ್ಲಿ ಗಾಯದ ಕಲೆ ಕಟ್ಟುತ್ತಿದೆ. ಬೇಗ ತೋರಿಸಿದರೆ ಅದನ್ನು ತಡೆಯಬಹುದು. ಎರಡರಿಂದ ನಾಲ್ಕು ವಾರದ ಹೊತ್ತಿಗೆ ಕಪ್ಪು ಮೂಡಿದರೆ ಗಾಬರಿಯಿಂದ ಇನ್ನೊಂದು ಪೀಲ್ ಮಾಡಿಸಬೇಡಿ. ಬಿಸಿಲು ತಪ್ಪಿಸಿ, ವೈದ್ಯರು ಕೊಟ್ಟ ಕ್ರೀಮ್ ಹಚ್ಚುತ್ತಾ ಕಾಯಬೇಕು. ತಿಂಗಳುಗಳಲ್ಲಿ ಅದು ತಿಳಿಯಾಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳಬಹುದೇ

ಆನ್‌ಲೈನ್‌ನಲ್ಲಿ ಶೇ 70ರ ಗ್ಲೈಕೋಲಿಕ್, ಶೇ 30ರ ಟಿಸಿಎ ಬಾಟಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಇಂಥವನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಬಳಸಬೇಡಿ ಎಂದು ಎಚ್ಚರಿಸಿತು. ಮನೆಗೆ ಶೇ 10ರೊಳಗಿನ, ಪಿಎಚ್ 3.5ಕ್ಕಿಂತ ಇಳಿಯದ ಗ್ಲೈಕೋಲಿಕ್ ಅಥವಾ ಲ್ಯಾಕ್ಟಿಕ್ ಸೀರಮ್ ಸಾಕು. ವಾರಕ್ಕೆರಡು ರಾತ್ರಿಯಿಂದ ಆರಂಭಿಸಿ, ಅದೇ ರಾತ್ರಿ ರೆಟಿನಾಲ್ (ಎ ವಿಟಮಿನ್ ಬಗೆಯ ಕ್ರೀಮ್) ಹಚ್ಚಬೇಡಿ. ಪಾರ್ಲರ್‌ನಲ್ಲಿ ಫೇಶಿಯಲ್ ಜೊತೆ ಪೀಲ್ ಎಂದು ಕೊಟ್ಟರೆ ಆಮ್ಲದ ಹೆಸರು, ಶೇಕಡಾ, ಪಿಎಚ್ ಮೂರನ್ನೂ ಕೇಳಿ. ಮೂರರಲ್ಲಿ ಒಂದಕ್ಕೆ ಉತ್ತರ ಬರದಿದ್ದರೂ ಕುರ್ಚಿಯಿಂದ ಎದ್ದು ಬನ್ನಿ.